ಅಯ್ಯೋ, ಹೌದಾ!

ನಮ್ಮ ಜನ ಸೇರಿದ ಕಡೆ ಬಿಸಿಬೇಳೆ ಬಾತ್ ಎಷ್ಟು ಖಚಿತವೋ ಒಂದು ವಿಚಿತ್ರ ಸುದ್ದಿಯೂ ಅಷ್ಟೇ ಖಚಿತ. ಎಲ್ಲೋ ಬದನೆಕಾಯಿ ಹೆಚ್ಚಿದಾಗ ಒಳಗೆ ಓಂಕಾರ ಕಂಡಿತಂತೆ, ಯಾರದೋ ಮನೆಯ ನಾಯಿ ಏಕಾದಶಿ ದಿನ ಊಟ ಮುಟ್ಟುವುದಿಲ್ಲವಂತೆ. ಹೇಳುವವರಿಗೆ ಉತ್ಸಾಹ, ಕೇಳುವವರ ಬಾಯಲ್ಲಿ ಒಂದೇ ಉದ್ಗಾರ: "ಅಯ್ಯೋ, ಹೌದಾ!" ಅಷ್ಟರಲ್ಲಿ ಹಪ್ಪಳದ ತಟ್ಟೆ ಬರುತ್ತದೆ, ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಕಥೆ, ಕವನ, ನಾಟಕಗಳನ್ನು ವಿಮರ್ಶೆ ಮಾಡಬಲ್ಲವರು ನಮ್ಮ ಸಂಘದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ವೈದ್ಯನಾದ ನನ್ನ ಕಿವಿಗೆ ದಿನವೂ ಬೀಳುವುದು ಈ ಉದ್ಗಾರವೇ. ಹಾಗಾಗಿ ಇದನ್ನೇ ಒಂದು ಸಾಹಿತ್ಯ ಪ್ರಕಾರವೆಂದು ಭಾವಿಸಿ ಸ್ವಲ್ಪ ವಿಮರ್ಶಿಸೋಣ ಎನಿಸಿತು.

ಎಲ್ಲರಿಗೂ ನೆನಪಿರುವ ಉದಾಹರಣೆಯೆಂದರೆ 1995ರ ಸೆಪ್ಟೆಂಬರ್ 21, ಗಣೇಶ ಹಾಲು ಕುಡಿದ ದಿನ. ಬೆಳಗಿನ ಜಾವ ದೆಹಲಿಯ ಒಂದು ದೇವಸ್ಥಾನದಲ್ಲಿ ಹುಟ್ಟಿದ ಸುದ್ದಿ ಟೆಲಿಫೋನಿನ ತಂತಿ ಹಿಡಿದು ದೇಶವನ್ನೆಲ್ಲ ಸುತ್ತಿ, ಲಂಡನ್ನಿನ ಸೌತಾಲ್ ಮುಟ್ಟಿ, ಅಮೆರಿಕ, ಕೆನಡಾಗಳನ್ನೂ ತಲುಪಿತು. ವಾಟ್ಸಾಪ್ ಎಂಬ ಪದವೇ ಹುಟ್ಟಿರದ ಕಾಲ ಅದು! ನಾನಾಗ ಮೈಸೂರಿನಲ್ಲಿ ಹೌಸ್ ಸರ್ಜನ್. ಹಾಸ್ಟೆಲಿನಲ್ಲಿ ಅಂದು ಕಾಫಿಗೆ ಹಾಲಿಲ್ಲದೆ ಹೋದದ್ದೇ ನಮ್ಮ ಪಾಲಿಗೆ ಬಂದ ಪವಾಡ.

ಊರು ಎರಡು ಪಂಗಡವಾಯಿತು. ಒಂದು ಪಂಗಡ ಕೈ ಮುಗಿಯಿತು, ಇನ್ನೊಂದು "ಮೂಢನಂಬಿಕೆ" ಎಂದು ಮೂಗು ಮುರಿಯಿತು. ತಮಾಷೆಯೇನೆಂದರೆ ಮೂಗು ಮುರಿದವರಲ್ಲಿ ಚಮಚ ಹಿಡಿದು ನೋಡಿದವರು ಬಹಳ ಕಡಿಮೆ. ಕೈ ಮುಗಿದವರಾದರೂ ಸಾಲಿನಲ್ಲಿ ಗಂಟೆಗಟ್ಟಲೆ ನಿಂತು ಪ್ರಯೋಗ ಮಾಡಿದ್ದರು. ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವಿಜ್ಞಾನಿಗಳು ಮಾಡಿದ್ದು ಸರಳ ಕೆಲಸ. ಹಾಲಿಗೆ ಬಣ್ಣ ಬೆರೆಸಿ ಮೂರ್ತಿಗೆ ಹಿಡಿದರು. ಚಮಚದಲ್ಲಿ ಹಾಲು ಇಳಿದಂತೆ ಮೂರ್ತಿಯ ಮೈಮೇಲೆ ಬಣ್ಣ ಕಂಡಿತು. ಸೊಂಡಿಲಿಗೆ ತಾಗಿದ ಹಾಲನ್ನು ಮೇಲ್ಮೈ ಎಳೆತ ಚಮಚದಿಂದ ಹೊರಕ್ಕೆ ಎಳೆಯುತ್ತದೆ, ಆಮೇಲೆ ಅದು ತೆಳುವಾದ ಪದರವಾಗಿ ಕೆಳಗೆ ಜಾರುತ್ತದೆ. ಬಿಳಿಯ ಅಮೃತಶಿಲೆಯ ಮೇಲೆ ಬಿಳಿಯ ಹಾಲು ಕಾಣುವುದಾದರೂ ಹೇಗೆ? ಈ ವಿವರಣೆ ಪತ್ರಿಕೆಗಳಲ್ಲಿ ಬಂದಿತ್ತು. ಆದರೂ 2006ರ ಆಗಸ್ಟಿನಲ್ಲಿ ಉತ್ತರ ಭಾರತದಲ್ಲಿ ಅದೇ ಸುದ್ದಿ ಮತ್ತೆ ಎದ್ದಾಗ ಅದೇ ಎರಡು ಪಂಗಡ, ಅದೇ ಮಾತು.

ನಮ್ಮವರೇ ಆದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲೆಂದೇ ಒಂದು ಸಮಿತಿ ರಚಿಸಿದ್ದರು. ಪರೀಕ್ಷಿಸಲು ಎಂಬ ಮಾತನ್ನು ಗಮನಿಸಿ. ಗೇಲಿ ಮಾಡುವುದಕ್ಕೆ ಸಮಿತಿ ಬೇಕಿಲ್ಲ, ಅದನ್ನು ನಾವು ಸೋಫಾದ ಮೇಲೆ ಕುಳಿತೇ ಮಾಡಬಲ್ಲೆವು.

ಇನ್ನು "ನಾಳೆ ಬಾ". ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ರಾತ್ರಿ ಬಾಗಿಲು ತಟ್ಟುವ ದೆವ್ವದ ಪುಕಾರು ಹಬ್ಬಿ, ಜನ ಮನೆಯ ಗೋಡೆ ಬಾಗಿಲುಗಳ ಮೇಲೆ ಈ ಎರಡು ಪದ ಬರೆದುಕೊಂಡರು. ದೆವ್ವ ಓದಿಕೊಂಡು ವಾಪಸ್ಸು ಹೋಗುತ್ತದೆ, ಮರುದಿನ ಬಂದರೆ ಮತ್ತೆ ಅದೇ ಬರಹ. ಸಾಲಗಾರರನ್ನು ಸಾಗಹಾಕುವ ನಮ್ಮ ಹಳೆಯ ಉಪಾಯವೇ ಇದು! 2018ರ "ಸ್ತ್ರೀ" ಎಂಬ ಹಿಂದಿ ಚಿತ್ರದಲ್ಲೂ ಇದೇ ಉಪಾಯವಿದೆ. ನಮ್ಮ ಕೂಟಗಳಲ್ಲಿ ಈ ವಿಷಯ ಬಂದಾಗಲೆಲ್ಲ ತಪ್ಪದೆ ಬರುವ ಹಾಸ್ಯ ಒಂದಿದೆ: "ನೋಡಿ ಸಾರ್, ದೆವ್ವಕ್ಕೂ ಕನ್ನಡ ಓದೋಕೆ ಬರುತ್ತೆ, ನಮ್ಮ ಮಕ್ಕಳಿಗೆ ಬರಲ್ಲ." ಚೆನ್ನಾಗಿದೆ, ನಾನೂ ನಗುತ್ತೇನೆ. ಆದರೆ ಹದಿನೈದನೆಯ ಸಲ ಕೇಳುವಾಗ ಒಂದು ಅನುಮಾನ ಬರುತ್ತದೆ. ಈ ಹಾಸ್ಯ ಸುದ್ದಿಯನ್ನು ಬೆಳಗುತ್ತಿದೆಯೋ, ಮುಚ್ಚಿಹಾಕುತ್ತಿದೆಯೋ? ಬಾಗಿಲ ಮೇಲೆ ಬರೆದವರಲ್ಲಿ ನಿಜವಾಗಿ ಹೆದರಿದವರಿದ್ದರು. ಅವರಿಗೆ ಆ ಎರಡು ಪದದಿಂದ ರಾತ್ರಿ ನಿದ್ದೆ ಬಂತೇ? ಬಂದಿದ್ದರೆ, ನಾವು ಬರೆದುಕೊಡುವ ಎಷ್ಟೋ ಗುಳಿಗೆಗಳಿಗಿಂತ ಅಗ್ಗದ ಔಷಧ ಅದು. ಇದನ್ನು ಕೇಳಿದವರನ್ನು ನಾನು ಇನ್ನೂ ಕಂಡಿಲ್ಲ.

ಹಾಸ್ಯವೇ ಬೇಡವೆಂದಲ್ಲ. ಪ್ರಜಾವಾಣಿಯಲ್ಲಿ ಟಿಎಸ್ಸಾರ್ ಅವರ "ಛೂಬಾಣ" ಬರುತ್ತಿದ್ದುದನ್ನು ಹಿರಿಯರು ಬಲ್ಲರು. ಸುದ್ದಿಗೆ ತಾಗಿದ ಚುಟುಕು ಮಾತು, ಅಷ್ಟೇ. ಆದರೆ ಬಾಣ ಬಿಡುವವರಿಗೆ ಗುರಿ ಕಾಣುತ್ತಿತ್ತು, ಸುದ್ದಿಯನ್ನು ಕೊನೆಯವರೆಗೆ ಓದಿದವರು ಮಾತ್ರ ಆಡಬಹುದಾದ ಮಾತು ಅದು. "ಕೊರವಂಜಿ"ಯನ್ನು 1942ರಿಂದ 1967ರವರೆಗೆ ನಡೆಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ನನ್ನ ವೃತ್ತಿಯವರೇ (ಇದನ್ನು ಹೇಳುವಾಗ ಸ್ವಲ್ಪ ಜಂಬ ಬರುತ್ತದೆ, ಕ್ಷಮೆಯಿರಲಿ). ನಾಡನ್ನೆಲ್ಲ ನಗಿಸಿದ ಅದೇ ವೈದ್ಯರು ಮನೋರೋಗಗಳ ಬಗ್ಗೆ "ಮನಮಂಥನ" ಬರೆದರು, ಅದಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಿಚಿತ್ರವಾಗಿ ಆಡುವವರನ್ನು ಕಂಡು ನಗುವುದಕ್ಕೂ ಅವರ ಮಾತನ್ನು ಕುಳಿತು ಕೇಳುವುದಕ್ಕೂ ಅವರಲ್ಲಿ ಜಗಳವಿರಲಿಲ್ಲ. ನಮ್ಮ "ಅಯ್ಯೋ, ಹೌದಾ"ದಲ್ಲಿ ನಗು ಉಳಿದಿದೆ, ಕೇಳುವುದು ಬಿಟ್ಟುಹೋಗಿದೆ.

ಇದರಿಂದ ಆಗುವ ನಷ್ಟವೇನು ಎನ್ನುತ್ತೀರಾ? ಒಂದು ಸಂಗತಿ ಹೇಳುತ್ತೇನೆ, ಗುರುತು ಸಿಗದಂತೆ ಊರು, ಸಂಬಂಧ ಎಲ್ಲ ಬದಲಿಸಿದ್ದೇನೆ. ಮಗನ ಮನೆಗೆ ಬಂದ ಒಬ್ಬ ಅಜ್ಜಿಗೆ ಇಲ್ಲಿನ ಫ್ರಿಜ್ಜಿನ ಐಸು ಬಹಳ ಹಿಡಿಸಿತು. ಬಟ್ಟಲುಗಟ್ಟಲೆ ಕಟಕಟ ಅಗಿಯುವರು. "ಅಮ್ಮ ಅಮೆರಿಕಕ್ಕೆ ಬಂದದ್ದೇ ಐಸಿಗೆ" ಎಂದು ಮನೆಯಲ್ಲಿ ನಗೆ, ಮೊಮ್ಮಕ್ಕಳಿಂದ ವಿಡಿಯೋ, ಪಾಟ್‌ಲಕ್ಕಿನಲ್ಲಿ ಎಲ್ಲರ ಮುಂದೆ ಪ್ರದರ್ಶನ. ಅಜ್ಜಿಯೂ ನಗುತ್ತಿದ್ದರು. ಮೆಟ್ಟಿಲು ಹತ್ತುವಾಗ ಏದುಸಿರು ಬಂದಾಗ "ವಯಸ್ಸಾಯ್ತು" ಎಂದರು. ಐಸು ಅಗಿಯುವ ಈ ಚಪಲ ಕಬ್ಬಿಣದ ಕೊರತೆಯ ಗುರುತಾಗಿರಬಹುದು ಎಂದು ಯಾವ ವೈದ್ಯಕೀಯ ವಿದ್ಯಾರ್ಥಿಯಾದರೂ ಓದಿರುತ್ತಾನೆ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಏಳು. ಆ ವಯಸ್ಸಿನಲ್ಲಿ ಕಬ್ಬಿಣ ಕಡಿಮೆಯಾಯಿತೆಂದರೆ ರಕ್ತ ಎಲ್ಲಿ ಸೋರುತ್ತಿದೆಯೆಂದು ಹುಡುಕಲೇಬೇಕು. ದೊಡ್ಡ ಕರುಳಿನಲ್ಲಿ ಗಡ್ಡೆ ಸಿಕ್ಕಿತು. ಕ್ಯಾನ್ಸರ್, ಆದರೆ ಹರಡಿರಲಿಲ್ಲ. ಶಸ್ತ್ರಚಿಕಿತ್ಸೆಯಾಯಿತು. ಕಬ್ಬಿಣ ಕೊಟ್ಟ ಕೆಲವೇ ವಾರಗಳಲ್ಲಿ ಐಸಿನ ಚಪಲ ತಾನಾಗಿ ಹೋಯಿತು. ಆ ಪಾಟ್‌ಲಕ್ಕುಗಳಲ್ಲಿ ನಕ್ಕವರಲ್ಲಿ ಒಬ್ಬರಾದರೂ "ಅಮ್ಮಾ, ಯಾವಾಗಿನಿಂದ ಹೀಗೆ?" ಎಂದು ಕೇಳಿದ್ದರೆ ಆ ಗಡ್ಡೆ ಇನ್ನೂ ಚಿಕ್ಕದಿರುವಾಗಲೇ ಸಿಗುತ್ತಿತ್ತು.

ಊರಲ್ಲಿ ಹಸಿ ಅಕ್ಕಿ ಮುಕ್ಕುವ ಹುಡುಗಿಯರಿಗೆ "ನಿನ್ನ ಮದುವೇಲಿ ಮಳೆ ಬರುತ್ತೆ ಕಣೇ" ಎನ್ನುತ್ತಿದ್ದರಲ್ಲ, ಅದೂ ಇದೇ ಜಾತಿಯ ಮಾತು. ಅಕ್ಕಿ, ಮಣ್ಣು, ಸೀಮೆಸುಣ್ಣ ತಿನ್ನುವ ಚಪಲಕ್ಕೂ ಕಬ್ಬಿಣದ ಕೊರತೆಗೂ ನಂಟಿದೆ. ಮಳೆಯ ಮಾತು ಆಡಿದವರಿಗೆ ಹುಡುಗಿಯ ಬಿಳಿಚಿದ ಕಣ್ಣುರೆಪ್ಪೆ ಕಾಣಲಿಲ್ಲ.

ನಿಮ್ಮ ಮನೆಯಲ್ಲಿ ಇಂಥ ಐಸುಪ್ರಿಯರು, ಅಕ್ಕಿಪ್ರಿಯರು ಇದ್ದರೆ ನಿಮ್ಮ ಡಾಕ್ಟರಿಗೆ ಹೇಳಿ ಸಿಬಿಸಿ ಜೊತೆಗೆ ಫೆರಿಟಿನ್ ಕೂಡ ಬರೆಸಿಕೊಳ್ಳಿ, ಏಕೆಂದರೆ ಹಿಮೋಗ್ಲೋಬಿನ್ ಸರಿಯಿದ್ದರೂ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು. ಅಂಗೈ ಕಿತ್ತಳೆ ಬಣ್ಣಕ್ಕೆ ತಿರುಗಿ, ಕಣ್ಣು ಮಾತ್ರ ಬೆಳ್ಳಗೇ ಇದ್ದರೆ ಅದು ಬಹುಮಟ್ಟಿಗೆ ಕ್ಯಾರೆಟ್ಟಿನ ಮಹಿಮೆ. ಕಣ್ಣೂ ಹಳದಿಯಾಗಿದ್ದರೆ ಅಂದೇ ಡಾಕ್ಟರನ್ನು ನೋಡಿ. ಕ್ಯಾರೆಟ್ಟಿನವರು ಹಲ್ವ ತಿನ್ನುವುದನ್ನು ಕಡಿಮೆ ಮಾಡಿ, ಉಳಿದದ್ದನ್ನು ಮುಂದಿನ ಕೂಟಕ್ಕೆ ತನ್ನಿ.