ನಾಟಕಪ್ರಯೋಗವೂ ನೋಡಿದವರ ಮಾತೂ

ಕಾವ್ಯದ ವಿಮರ್ಶಕನು ತಪ್ಪಿದರೆ ವಾಚಕನು ಗ್ರಂಥವನ್ನು ತೆರೆದು ತಿದ್ದಿಕೊಳ್ಳಬಹುದು. ನಾಟಕಪ್ರಯೋಗವಾದರೋ ಬೆಳಗಾಗುವಷ್ಟರಲ್ಲಿ ಮುಗಿದುಹೋಗುವುದು. ಬಳಿಕ ಉಳಿಯುವುದು ನೋಡಿದವರ ಮಾತೊಂದೇ. ಸಂಡೂರು, ಹೊಸಪೇಟೆ, ಕಂಪ್ಲಿಗಳಿಗೆ ನೆರೆಯದಾದ ಬಳ್ಳಾರಿಯ ರಂಗಭೂಮಿಯೇ ಇದಕ್ಕೆ ನಿದರ್ಶನ. ಕೋಲಾಚಲಂ ಶ್ರೀನಿವಾಸರಾಯರು ವಿಜಯನಗರದ ಪತನವನ್ನು ಕುರಿತು ತೆಲುಗಿನಲ್ಲಿ ರಚಿಸಿದ ರಾಮರಾಜುವಿನ ನಾಟಕದಲ್ಲಿ ಬಳ್ಳಾರಿ ರಾಘವರು (1880–1946) ಪಠಾಣನ ಪಾತ್ರದಿಂದ ಪ್ರಖ್ಯಾತರಾದರು. 1565ರ ಸೋಲಿನ ಗುರುತುಗಳು ಹಂಪೆಯಲ್ಲಿ ಇನ್ನೂ ಕಣ್ಣಿಗೆ ಬೀಳುತ್ತಿರುವ ಸೀಮೆಯಲ್ಲಿ, ರಾಮರಾಜುವಿನ ಕಥೆಯೊಳಗೆ ಪಠಾಣನು ಜನಮನವನ್ನು ಗೆದ್ದುದು ಅಲ್ಪಸಂಗತಿಯಲ್ಲ. ಗೆದ್ದುದು ಹೇಗೆ? ಕೇಳಿಬರುವ ಪ್ರಶಂಸೆಯಲ್ಲಿ ‘ಅದ್ಭುತ’, ‘ಅಸದೃಶ’ ಎಂಬ ವಿಶೇಷಣಗಳೇ ಹೆಚ್ಚು. ರಾಗಾಲಾಪನೆಗೆ ಚಪ್ಪಾಳೆ ದೊರೆಯುತ್ತಿದ್ದ ಕಾಲದಲ್ಲಿ ರಾಘವರು ಮಾತಿಗೂ ಭಾವಕ್ಕೂ ಪ್ರಾಧಾನ್ಯವಿತ್ತರು, ಸ್ತ್ರೀಪಾತ್ರಗಳಿಗೆ ಸ್ತ್ರೀಯರನ್ನೇ ಕರೆತಂದರು, ಇಷ್ಟು ನಿಶ್ಚಿತ. ಆದರೆ ಪಠಾಣನು ಯಾವ ಮಾತನ್ನು ತಗ್ಗಿಸಿ ಆಡಿದನು, ಎಲ್ಲಿ ತಡೆದು ನಿಂತನು, ಸಭೆಯು ಯಾವಾಗ ನಿಶ್ಶಬ್ದವಾಯಿತು ಎಂಬುದನ್ನು ವಿಶೇಷಣಗಳು ತಿಳಿಸಲಾರವು. ‘ತಪ್ಪದೆ ನೋಡಿರಿ’ ಎಂಬ ಶಿಫಾರಸು ಮರುದಿನದ ಪ್ರಯೋಗಕ್ಕೆ ಸಾಕು. ನಟನು ತೀರಿಕೊಂಡ ಮೇಲೆ ಹುಟ್ಟಿದವರಿಗೆ ಸಾಲದು. ಹೊಗಳಿದ ರಸಿಕರು ಇವನ್ನೆಲ್ಲ ಕಾಣದವರೇನಲ್ಲ. ಬರೆಯಲು ಕುಳಿತಾಗ ಮರೆತರು, ಅಷ್ಟೆ.