ಆಲಿಸಲು ಬಲ್ಲ ಎರಡು ಗಿಟಾರುಗಳು

ಜುಗಲ್‌ಬಂದಿ ಎಂದರೆ ನಮ್ಮಲ್ಲಿ ಈಗ ಪೈಪೋಟಿ ಎಂಬ ಅರ್ಥವೇ ಬಂದುಬಿಟ್ಟಿದೆ. ವೇದಿಕೆಯ ಮೇಲೆ ಇಬ್ಬರು ಕಲಾವಿದರು ಕುಳಿತರೆಂದರೆ, ಯಾರ ಬೆರಳು ಹೆಚ್ಚು ಓಡುತ್ತದೆ, ಯಾರು ಯಾರನ್ನು ಮಣಿಸುತ್ತಾರೆ ಎಂದು ಕಾದು ಕೂರುತ್ತೇವೆ. ಸವಾಲ್-ಜವಾಬ್ ಶುರುವಾದರೆ ಚಪ್ಪಾಳೆ ನಿಲ್ಲುವುದೇ ಇಲ್ಲ. ಮನೆಗೆ ಮರಳುವಾಗ ರಾಗ ಯಾವುದೆಂಬುದು ನೆನಪಿರುವುದಿಲ್ಲ, ವೇಗ ಮಾತ್ರ ನೆನಪಿರುತ್ತದೆ. ಇಂಥ ಅಭ್ಯಾಸಕ್ಕೆ ಬಿದ್ದ ಕಿವಿಗೆ ‘ಎ ಮೀಟಿಂಗ್ ಬೈ ದ ರಿವರ್’ ಎಂಬ ಧ್ವನಿಮುದ್ರಿಕೆ ಮೊದಲ ಸಲ ತುಸು ಸಪ್ಪೆ ಎನಿಸಿದರೆ ಆಶ್ಚರ್ಯವಿಲ್ಲ. ನಮಗೂ ಹಾಗೇ ಅನಿಸಿತ್ತು. ಇಲ್ಲಿ ಯಾರೂ ಗೆಲ್ಲುವುದಿಲ್ಲ. ಆದರೆ ಎರಡನೇ ಸಲ, ಮೂರನೇ ಸಲ ಕೇಳುತ್ತ ಹೋದಂತೆ, ಈ ಮುದ್ರಿಕೆ ನಮ್ಮನ್ನು ಹಿಡಿದಿಟ್ಟುಕೊಳ್ಳುವುದು ಆ ಕಾರಣಕ್ಕೇ ಎಂಬುದು ಅರಿವಾಯಿತು.

1992ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸಾಂಟಾ ಬಾರ್ಬರಾದಲ್ಲಿ, ಕ್ರೈಸ್ತ ಸೆಮಿನರಿಯೊಂದರ ಪ್ರಾರ್ಥನಾಲಯದೊಳಗೆ ಇದು ಮುದ್ರಣಗೊಂಡಿತು. ನುಡಿಸಿದವರು ಜೈಪುರದ ವಿಶ್ವಮೋಹನ ಭಟ್ಟ ಮತ್ತು ಲಾಸ್ ಏಂಜಲಿಸ್‌ನ ರೈ ಕೂಡರ್. ಅವರಿಬ್ಬರೂ ಅದಕ್ಕೆ ಮುಂಚೆ ಒಬ್ಬರನ್ನೊಬ್ಬರು ಕಂಡವರಲ್ಲ. ಭೇಟಿಯಾಗಿ ಸ್ವಲ್ಪ ಹೊತ್ತಿನಲ್ಲೇ, ಅಭ್ಯಾಸವನ್ನೂ ಮಾಡದೆ, ನುಡಿಸಲು ಕುಳಿತರು. ತಬಲಾಕ್ಕೆ ಸುಖವಿಂದರ್ ಸಿಂಗ್ ನಾಮಧಾರಿ ಇದ್ದರು. ಕೂಡರ್ ಅವರ 14 ವರ್ಷದ ಮಗ ವಾಕಿಮ್, ಅರಬ್ ನಾಡುಗಳಲ್ಲಿ ದರ್ಬುಕಾ ಎಂದೂ ಕರೆಯುವ ದುಂಬೆಕ್ ನುಡಿಸಿದ. ಒಟ್ಟು ನಾಲ್ಕೇ ರಚನೆಗಳು, ಸುಮಾರು 40 ನಿಮಿಷ. 1993ರಲ್ಲಿ ಬಿಡುಗಡೆಯಾದ ಈ ಮುದ್ರಿಕೆಗೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು.

ಎದುರಿಗೆ ಸಭಿಕರಿರಲಿಲ್ಲ ನಿಜ. ಆದರೂ ಇದನ್ನು ಸ್ಟುಡಿಯೋ ಮುದ್ರಿಕೆ ಎನ್ನಲು ಮನಸ್ಸು ಬಾರದು. ಸ್ಟುಡಿಯೋದಲ್ಲಿ ಇಂದು ಒಬ್ಬ ನುಡಿಸಿ ಹೋಗುತ್ತಾನೆ, ನಾಳೆ ಇನ್ನೊಬ್ಬ ಬಂದು ಅದರ ಮೇಲೆ ತನ್ನದನ್ನು ಸೇರಿಸುತ್ತಾನೆ. ಇಬ್ಬರೂ ಮುಖ ನೋಡದೆಯೇ ‘ಜೊತೆಯಾಗಿ’ ಹಾಡಿರುತ್ತಾರೆ. ವಾಟರ್ ಲಿಲಿ ಅಕೌಸ್ಟಿಕ್ಸ್ ಸಂಸ್ಥೆಯ ಕವಿಚಂದ್ರನ್ ಅಲೆಕ್ಸಾಂಡರ್ ಈ ದಾರಿ ಬಿಟ್ಟವರು. ಕಲಾವಿದರನ್ನು ಒಂದೇ ಕಡೆ ಕೂರಿಸಿ, ಎರಡು ಮೈಕುಗಳನ್ನು ಒಂದೆಡೆ ಇಟ್ಟು, ನುಡಿಸಿದ್ದನ್ನು ನುಡಿಸಿದಂತೆ ಹಿಡಿದರು. ಹಾಗಾಗಿ ಎರಡು ವಾದ್ಯಗಳ ನಡುವಿನ ಅಂತರವೂ ಆ ಕಟ್ಟಡದ ಗಾಳಿಯೂ ನಮಗೆ ಕೇಳಿಸುತ್ತದೆ. ತಪ್ಪಿದರೆ ತಿದ್ದಲು ಅವಕಾಶವಿಲ್ಲ ಎಂಬ ಎಚ್ಚರ ಇಬ್ಬರಲ್ಲೂ ಇದೆ. ಎದುರಿನವನು ಮುಂದೇನು ನುಡಿಸುತ್ತಾನೋ ತಿಳಿಯದವನು ಕಿವಿ ತೆರೆದಿಡಲೇಬೇಕಲ್ಲವೇ?

ಹಾಗಾದರೆ ಅಪರಿಚಿತರಿಬ್ಬರು ಅಷ್ಟು ಬೇಗ ಮಾತಿಗಿಳಿದದ್ದು ಹೇಗೆ? ಇದನ್ನು ಪವಾಡವೆಂದು ಹೊಗಳಿದವರಿದ್ದಾರೆ. ನಮಗೆ ಹಾಗನಿಸುವುದಿಲ್ಲ. ಆ ಇಬ್ಬರು ಅಪರಿಚಿತರೇ ಹೊರತು ಅವರ ಕೈಯಲ್ಲಿದ್ದ ವಾದ್ಯಗಳು ಅಪರಿಚಿತವಾಗಿರಲಿಲ್ಲ. ಗಿಟಾರಿನ ತಂತಿಯನ್ನು ಬೆರಳಿನಿಂದ ಒತ್ತುವ ಬದಲು ಅದರ ಮೇಲೆ ಲೋಹದ ತುಂಡೊಂದನ್ನು ಜಾರಿಸುವ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹವಾಯಿ ದ್ವೀಪಗಳಲ್ಲಿ ಬೆಳೆಯಿತು. ಜೋಸೆಫ್ ಕೆಕುಕು ಎಂಬಾತನ ಹೆಸರು ಅದರೊಂದಿಗೆ ಸೇರಿಕೊಂಡಿದೆ. ಅಮೆರಿಕದ ದಕ್ಷಿಣ ಸೀಮೆಯ ಕರಿಯ ಜನ ಬಾಟಲಿಯ ಕೊರಳನ್ನು ಬೆರಳಿಗೆ ಸಿಕ್ಕಿಸಿಕೊಂಡು ಹೀಗೆಯೇ ಜಾರಿಸಿ ಬ್ಲೂಸ್ ನುಡಿಸಿದರು. ಆಫ್ರಿಕದಿಂದ ಬಂದ ಏಕತಂತಿ ವಾದ್ಯದ ನೆನಪೂ ಹವಾಯಿಯ ಪ್ರಭಾವವೂ ಅದರಲ್ಲಿ ಕೂಡಿದೆ ಎನ್ನುತ್ತಾರೆ. ಕೂಡರ್ ಕಲಿತದ್ದು ಆ ದಾರಿಯಲ್ಲಿ.

ಇತ್ತ ಹವಾಯಿಯ ಗಿಟಾರ್ ಭಾರತಕ್ಕೂ ಬಂತು. 1940ರ ದಶಕದಲ್ಲಿ ಟಾವ್ ಮೋ ಎಂಬ ವಾದಕರು ಕುಟುಂಬ ಸಮೇತ ಕಲ್ಕತ್ತಾದಲ್ಲಿ ವಾಸವಿದ್ದು ನುಡಿಸುತ್ತಿದ್ದರು, ಕಲಿಸುತ್ತಿದ್ದರು. ಜಾರಿಸಿ ನುಡಿಸುವುದು ನಮಗೆ ಹೊಸದೇನೂ ಅಲ್ಲ. ಉತ್ತರದ ವಿಚಿತ್ರವೀಣೆಯೂ ನಮ್ಮ ದಕ್ಷಿಣದ ಗೋಟುವಾದ್ಯವೂ ಅದನ್ನೇ ಮಾಡುತ್ತಿದ್ದವು. ಕೊರಳಿನ ಮೀಂಡನ್ನು ತಂತಿಯಲ್ಲಿ ತರಲು ಇದಕ್ಕಿಂತ ಸಲೀಸಾದ ಉಪಾಯ ಬೇರೊಂದಿಲ್ಲ. ಬೃಜ್‌ಭೂಷಣ್ ಕಾಬ್ರಾ ಈ ಗಿಟಾರನ್ನು ಹಿಂದೂಸ್ತಾನಿ ಕಛೇರಿಗೆ ತಂದರು. ವಿಶ್ವಮೋಹನ ಭಟ್ಟರು ಅದಕ್ಕೆ ಶ್ರುತಿಯ ತಂತಿಗಳನ್ನೂ ತರಬ್ ತಂತಿಗಳನ್ನೂ ಸೇರಿಸಿ, ಸುಮಾರು 20 ತಂತಿಗಳ ವಾದ್ಯ ಮಾಡಿಕೊಂಡು ಮೋಹನವೀಣೆ ಎಂದು ಹೆಸರಿಟ್ಟರು.

ಇನ್ನೂ ಒಂದು ಎಳೆ ಇದೆ. ಕಾಬ್ರಾ ಅವರ ಗುರು ಉಸ್ತಾದ್ ಅಲಿ ಅಕ್ಬರ್ ಖಾನ್. ಭಟ್ಟರ ಗುರು ಪಂಡಿತ್ ರವಿಶಂಕರ್. ಆ ಇಬ್ಬರಿಗೂ ಕಲಿಸಿದವರು ಮೈಹರ್‌ನ ಬಾಬಾ ಅಲ್ಲಾವುದ್ದೀನ್ ಖಾನ್. ಮಗನನ್ನೂ ಹಿಂದೂ ಶಿಷ್ಯನನ್ನೂ ಒಂದೇ ಕಡೆ ಕೂರಿಸಿ, ಇಬ್ಬರನ್ನೂ ಒಂದೇ ಸಮ ಗದರಿಸಿ ವಿದ್ಯೆ ಕೊಟ್ಟವರು ಅವರು. ಅನಾಥ ಮಕ್ಕಳನ್ನು ಸೇರಿಸಿ ವಾದ್ಯವೃಂದ ಕಟ್ಟಿದವರು, ಬಂದೂಕಿನ ನಳಿಗೆಗಳನ್ನು ಕತ್ತರಿಸಿ ನಲ್‌ತರಂಗ್ ಎಂಬ ವಾದ್ಯ ಮಾಡಿದವರು. ಹಿಂದೂಸ್ತಾನಿ ಗಿಟಾರಿನ ಈ ಎರಡೂ ಕವಲುಗಳು ಆ ಒಂದೇ ಮನೆಯ ಜಗುಲಿಗೆ ಹೋಗಿ ಮುಟ್ಟುತ್ತವೆ. ಸಾಂಟಾ ಬಾರ್ಬರಾದ ಆ ಭೇಟಿಯ ಹಿಂದೆ, ಹೆಸರು ದಾಖಲಾಗದ ಎಷ್ಟೋ ಜನರ ಕೊಡು-ಕೊಳ್ಳುವಿಕೆ ಇದೆ.

ಇನ್ನು ಕೇಳುವ ಮಾತು. ಶೀರ್ಷಿಕೆಯ ರಚನೆಯಲ್ಲೇ ಇಬ್ಬರ ಸ್ವಭಾವ ತಿಳಿಯುತ್ತದೆ. ಭಟ್ಟರದು ತುಂಬು ಮಾತು. ಸ್ವರವನ್ನು ಎಳೆದು, ತೂಗಿ, ತರಬ್ ತಂತಿಗಳ ಮೇಲೆ ಕೈಯಾಡಿಸಿ ಬೆಳಗಿಸುವ ಬಗೆ. ಕೂಡರ್ ಮಿತಭಾಷಿ. ಕೆಳಗಿನ ಸ್ಥಾಯಿಯಲ್ಲಿ ನಾಲ್ಕಾರು ಸ್ವರ ನುಡಿಸಿ ಸುಮ್ಮನಾಗುತ್ತಾರೆ. ಆ ಮೌನ ಖಾಲಿಯಲ್ಲ. ಮತ್ತೊಬ್ಬರ ಸ್ವರ ಪೂರ್ತಿ ಕರಗುವವರೆಗೆ ಕಾಯುವ ಸೌಜನ್ಯ ಅದು. ‘ಲಾಂಗಿಂಗ್’ನಲ್ಲಿ ಈ ಕಾಯುವಿಕೆ ಹಂಬಲದ ರೂಪ ಪಡೆಯುತ್ತದೆ. ‘ಗ್ಯಾಂಜಿಸ್ ಡೆಲ್ಟಾ ಬ್ಲೂಸ್’ನ ಹೆಸರಲ್ಲೇ ಚೇಷ್ಟೆಯಿದೆ: ಬ್ಲೂಸ್ ಹುಟ್ಟಿದ್ದು ಮಿಸಿಸಿಪಿಯ ಬಯಲಲ್ಲಿ, ಇಲ್ಲಿ ಅದನ್ನು ಗಂಗೆಯ ಮುಖಜಭೂಮಿಗೆ ಕರೆತಂದಿದ್ದಾರೆ. ಕೂಡರ್ ಬ್ಲೂಸಿನ ಲಯ ಹಾಕಿಕೊಟ್ಟರೆ ಭಟ್ಟರು ಅದರ ಮೇಲೆ ತಾನುಗಳನ್ನು ಹರಿಯಬಿಡುತ್ತಾರೆ. ಗಮನಿಸಬೇಕಾದ ಸಂಗತಿಯೆಂದರೆ, ಭಟ್ಟರು ಬ್ಲೂಸ್ ವಾದಕನ ವೇಷ ಹಾಕುವುದಿಲ್ಲ, ಕೂಡರ್ ಪಂಡಿತರಾಗಲು ಹೋಗುವುದಿಲ್ಲ. ತಮ್ಮ ತಮ್ಮ ಭಾಷೆಯಲ್ಲೇ ಮಾತಾಡುತ್ತಾರೆ, ಆದರೆ ಎದುರಿನವರಿಗೆ ಅರ್ಥವಾಗುವ ಹಾಗೆ.

ಕೊರತೆ ಇಲ್ಲವೆಂದಲ್ಲ. ರಾಗದ ವಿಸ್ತಾರಕ್ಕೆ ಒಗ್ಗಿದವರಿಗೆ ಎಂಟು-ಹತ್ತು ನಿಮಿಷದ ರಚನೆ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿದಂತೆ ತೋರಬಹುದು. ಹಲವೆಡೆ ಮುಂದಾಳತ್ವ ಭಟ್ಟರದೇ ಆಗಿ, ಕೂಡರ್ ಬರೀ ಸಾಥಿಗೆ ಕುಳಿತವರಂತೆ ಕಾಣುತ್ತಾರೆ. ಸಂಕೋಚ ಅತಿಯಾದರೆ ಅದೂ ಸಂವಾದಕ್ಕೆ ಅಡ್ಡಿಯೇ. ಮುಂದೆ 1994ರಲ್ಲಿ ಮಾಲಿ ದೇಶದ ಅಲಿ ಫರ್ಕಾ ತುರೆ ಅವರೊಂದಿಗೆ ‘ಟಾಕಿಂಗ್ ಟಿಂಬಕ್ಟು’ ಮಾಡಿದಾಗ ಕೂಡರ್ ಹೆಚ್ಚು ಸಲುಗೆಯಿಂದಿದ್ದಾರೆ. ಅತ್ತ ವಾಟರ್ ಲಿಲಿ ಸಂಸ್ಥೆಯೂ ಇದೇ ಜಾಡಿನಲ್ಲಿ ನಡೆಯಿತು. 1995ರ ‘ಮುಮ್ತಾಜ್ ಮಹಲ್’ನಲ್ಲಿ ಮೈಸೂರಿನಲ್ಲಿ ಹುಟ್ಟಿದ ಚಿತ್ರವೀಣೆ ವಾದಕ ಎನ್. ರವಿಕಿರಣ್, ತಾಜ್ ಮಹಲ್ ಎಂಬ ಹೆಸರಿನ ಅಮೆರಿಕದ ಬ್ಲೂಸ್ ಗಾಯಕ ಮತ್ತು ಭಟ್ಟರು ಜೊತೆಗೂಡಿದರು. 1996ರ ‘ಸಲ್ತನಾ’ದಲ್ಲಿ ಫೆಲೆಸ್ತೀನಿ ಮೂಲದ ಊದ್ ವಾದಕ ಸೈಮನ್ ಶಾಹೀನ್ ಭಟ್ಟರ ಜೊತೆಗಾರ. ಇವುಗಳ ನಂತರ ಫ್ಯೂಶನ್ ಎಂಬ ಹೆಸರಿನಲ್ಲಿ ಬಂದ ರಾಶಿಯಲ್ಲಿ ಕಾಳಿಗಿಂತ ಜೊಳ್ಳೇ ಹೆಚ್ಚು. ಎರಡು ಮಸಾಲೆ ಬೆರೆಸಿದ ಮಾತ್ರಕ್ಕೆ ಅಡುಗೆಯಾಗುವುದಿಲ್ಲ.

ಈ ಮುದ್ರಿಕೆ ಆದದ್ದು 1992ರ ಸೆಪ್ಟೆಂಬರ್‌ನಲ್ಲಿ ಎಂದೆವು. ಅದೇ ವರ್ಷದ ಡಿಸೆಂಬರ್ 6ರಂದು ಬಾಬರಿ ಮಸೀದಿ ನೆಲಸಮವಾಯಿತು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಆದರೆ ಕೇಳುವ ನಮಗೆ ಆ ಎರಡು ತಾರೀಖುಗಳನ್ನು ಬೇರೆಬೇರೆ ಇಡಲಾಗುವುದಿಲ್ಲ. ಅಂದಿನಿಂದ ನಮ್ಮ ಊರುಗಳಲ್ಲಿ ಎಷ್ಟೊಂದು ಸೌಹಾರ್ದ ಸಭೆಗಳಾದವು! ಮೌಲವಿಗಳು, ಸ್ವಾಮೀಜಿಗಳು, ಪಾದ್ರಿಗಳು ಒಂದೇ ವೇದಿಕೆ ಏರಿದರು. ಒಳ್ಳೆಯದೇ. ಆದರೆ ಹೆಚ್ಚಿನ ಸಲ ಪ್ರತಿಯೊಬ್ಬರೂ ತಮ್ಮ ಭಾಷಣ ಮುಗಿಸಿ, ಇನ್ನೊಂದು ಕಾರ್ಯಕ್ರಮವಿದೆ ಎಂದು ಎದ್ದು ಹೋಗುವುದನ್ನು ನಾವು ಕಂಡಿದ್ದೇವೆ. ಆಯೋಜಕರಾಗಿ ನಾವೂ ಹಾಗೆ ಅವಸರ ಮಾಡಿದ್ದುಂಟು. ಮಾತಾಡುವವರ ಸಾಲು ಉದ್ದವಿತ್ತು, ಕೇಳಿಸಿಕೊಳ್ಳುವವರ ಕುರ್ಚಿ ಖಾಲಿಯಿತ್ತು. ಆ ಪ್ರಾರ್ಥನಾಲಯದಲ್ಲಿ ಒಬ್ಬ ಹಿಂದೂ, ಒಬ್ಬ ಸಿಖ್, ಅರಬರ ಚರ್ಮವಾದ್ಯ ಹಿಡಿದ ಒಬ್ಬ ಅಮೆರಿಕನ್ ಹುಡುಗ ಕುಳಿತಿದ್ದರು ಎಂಬುದಷ್ಟನ್ನೇ ಹೇಳಿ ಸಂಭ್ರಮಿಸಿದರೆ ನಾವು ಮತ್ತೆ ಅದೇ ವೇದಿಕೆಯ ಫೋಟೋ ತೆಗೆದಂತಾಗುತ್ತದೆ. ಒಟ್ಟಿಗೆ ಕೂತದ್ದಕ್ಕಿಂತ, ಕೂತ ಮೇಲೆ ಅವರು ಒಬ್ಬರನ್ನೊಬ್ಬರು ಆಲಿಸಿದ್ದು ದೊಡ್ಡದು.

ಕೊನೆಯ ರಚನೆ ‘ಈಸಾ ಲೇಯಿ’ ಫಿಜಿ ದ್ವೀಪದ ಬೀಳ್ಕೊಡುಗೆಯ ಹಾಡು. ಅದು ಭಟ್ಟರದೂ ಅಲ್ಲ, ಕೂಡರ್ ಅವರದೂ ಅಲ್ಲ. ಮೂರನೆಯವರ ಮನೆಯಲ್ಲಿ ಇಬ್ಬರೂ ಅತಿಥಿಗಳು. ಇಲ್ಲಿ ಭಟ್ಟರ ಮಾತೂ ಕಡಿಮೆಯಾಗುತ್ತದೆ, ಕೂಡರ್ ಅವರ ಸಂಕೋಚವೂ ಕಡಿಮೆಯಾಗುತ್ತದೆ. ಯಾರ ತಂತಿ ಯಾವುದೆಂದು ಗುರುತಿಸಲು ಕೆಲವು ಕ್ಷಣ ನಾವು ತಡವರಿಸುತ್ತೇವೆ. ಸಂಗೀತದ ಗಂಧವಿಲ್ಲವೆನ್ನುವ ಓದುಗರಿಗೂ ನಮ್ಮ ಸಲಹೆ ಇಷ್ಟೆ: ರಾತ್ರಿ ಮನೆಯ ಗದ್ದಲವೆಲ್ಲ ಅಡಗಿದ ಮೇಲೆ, ಮೊದಲು ಈ ಕೊನೆಯ ರಚನೆಯನ್ನೇ ಕೇಳಿ. ಇಷ್ಟವಾದರೆ ಹಿಂದಕ್ಕೆ ಹೋಗಿ ಮೊದಲಿನಿಂದ ಶುರುಮಾಡಿ. 40 ನಿಮಿಷ ಬಾಯಿ ಮುಚ್ಚಿ ಕೂರುವುದು ನಮಗೆಲ್ಲ ಸ್ವಲ್ಪ ಕಷ್ಟವೇ. ಆದರೂ ಕೂತು ನೋಡಬಹುದು.