ಮಡಿಗೆ ಹದಿನೈದೇ ಕೋಸು

ಹಿಂಗಾರು ಮಳೆ ತಗ್ಗಿ ಬೆಳಗಿನ ಇಬ್ಬನಿ ಶುರುವಾಗುವ ಹೊತ್ತಿಗೆ ಬೆಂಗಳೂರು, ಮೈಸೂರು, ಹಾಸನದ ಕೈತೋಟಗಳಲ್ಲಿ ಏರುಮಡಿಗಳು ಸಿದ್ಧವಾಗಿ ಕೋಸಿನ ಸಸಿಗಾಗಿ ಕಾಯುತ್ತಿರುತ್ತವೆ. ನರ್ಸರಿಯ ಪ್ರೋಟ್ರೇಗೆ 98 ಕುಳಿ. ಕಾಲು ಭಾಗ ಕೊಂಡರೂ 25 ಸಸಿ ಮನೆಗೆ ಬರುತ್ತವೆ. ಗೇಣುದ್ದವೂ ಇಲ್ಲದ ಆ ಸಸಿಗಳನ್ನು ಒಂದೂವರೆ ಅಡಿಗೊಂದರಂತೆ ನೆಟ್ಟರೆ ಮಡಿ ಬರಿದೋ ಬರಿದು. ಉಳಿದವನ್ನು ಎಸೆಯಲು ಮನಸ್ಸು ಬಾರದು. ನಡುನಡುವೆ ಒಂದೊಂದು ತುರುಕಿದರೆ ನಷ್ಟವೇನು ಎನಿಸುತ್ತದೆ. ಕೈತೋಟದ ಕೋಸು ಕೆಡುವುದು ಬಹಳ ಸಲ ಈ ಗಳಿಗೆಯಲ್ಲೇ. ಗೊಬ್ಬರ, ನೀರು, ಔಷಧಿಗಳ ಮಾತಿಗೂ ಮೊದಲು ತೀರ್ಮಾನವಾಗಬೇಕಾದದ್ದು ಅಂತರ. ಅಡುಗೆಮನೆಗೆ ಎಷ್ಟು ದೊಡ್ಡ ಕೋಸು ಬೇಕು ಎಂಬುದರ ಮೇಲೆ ಅದನ್ನು ತೀರ್ಮಾನಿಸಬೇಕು. ಟ್ರೇಯಲ್ಲಿ ಎಷ್ಟು ಸಸಿ ಉಳಿದಿವೆ ಎಂಬುದಕ್ಕೆ ಅಲ್ಲಿ ಜಾಗವಿಲ್ಲ.

ಹೆಚ್ಚು ಸಸಿ ನೆಟ್ಟರೆ ಹೆಚ್ಚು ಫಸಲು ಎಂಬ ನಂಬಿಕೆಯನ್ನು 1950ರ ದಶಕದಲ್ಲೇ ಜಪಾನಿನ ಸಸ್ಯವಿಜ್ಞಾನಿ ಕಿರಾ ಮತ್ತು ಸಂಗಡಿಗರು ಅಳೆದು ನೋಡಿದ್ದರು. ಒಂದು ಹಂತದವರೆಗೆ ಮಾತ್ರ ಗಿಡ ಹೆಚ್ಚಿದಂತೆ ತೂಕ ಹೆಚ್ಚುತ್ತದೆ. ಆಮೇಲೆ ನೆಲದ ಒಟ್ಟು ಇಳುವರಿ ಅಷ್ಟಕ್ಕೇ ನಿಂತು, ಇದ್ದದ್ದನ್ನೇ ಗಿಡಗಳು ಹಂಚಿಕೊಳ್ಳತೊಡಗುತ್ತವೆ. ಸೊಪ್ಪಿನ ಬೆಳೆಗೆ ಇದರಿಂದ ದೊಡ್ಡ ನಷ್ಟವಿಲ್ಲ, ಏಕೆಂದರೆ ಇಡೀ ಗಿಡವೇ ನಮ್ಮ ಪಾಲು. ಕೋಸಿನ ವಿಷಯ ಬೇರೆ. ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೊಲಿ ನಾಲ್ಕೂ ಒಂದೇ ಸಸ್ಯಜಾತಿಯ ಬೇರೆ ಬೇರೆ ರೂಪಗಳು. ಒಂದರಲ್ಲಿ ತುದಿಯ ಮೊಗ್ಗು ಗಡ್ಡೆಯಾಗಿ ಸುತ್ತಿಕೊಳ್ಳುತ್ತದೆ, ಒಂದರಲ್ಲಿ ಕಾಂಡ ಊದುತ್ತದೆ, ಉಳಿದೆರಡರಲ್ಲಿ ಹೂಗೊಂಚಲೇ ನಮ್ಮ ಊಟ. ಆ ಒಂದು ಅಂಗ ತುಂಬಿಕೊಳ್ಳುವುದು ಹೊರ ಎಲೆಗಳು ಬಿಸಿಲು ಕುಡಿದು ಕೂಡಿಟ್ಟ ಆಹಾರದಿಂದ. ಇಕ್ಕಟ್ಟಿನಲ್ಲಿ ಗಿಡ ಮೊದಲು ಬಲಿ ಕೊಡುವುದು ಆ ಅಂಗವನ್ನೇ: ಎಲೆ ಬೆಳೆಯುತ್ತದೆ, ಗಡ್ಡೆ ಕಟ್ಟುವುದಿಲ್ಲ, ಹೂಕೋಸು ಅಂಗಿಯ ಗುಂಡಿಯಷ್ಟು ಬಿಟ್ಟು ನಿಂತುಬಿಡುತ್ತದೆ.

ನಾಲ್ಕು ಅಡಿ ಅಗಲ, ಎಂಟು ಅಡಿ ಉದ್ದದ ಮಡಿಯನ್ನೇ ತೆಗೆದುಕೊಳ್ಳೋಣ. ಎರಡೂ ಕಡೆಯಿಂದ ಕೈ ನಡುವಿಗೆ ಎಟುಕುವ ಅಳತೆ ಅದು. ಅಮೆರಿಕದ ಮೆಲ್ ಬಾರ್ತಲೋಮ್ಯೂ 1981ರ ತಮ್ಮ ಪುಸ್ತಕದಲ್ಲಿ ಜನಪ್ರಿಯಗೊಳಿಸಿದ ಚದರಡಿ ತೋಟದ ಪದ್ಧತಿಯಲ್ಲಿ ಚದರಡಿಗೆ ಒಂದು ಕೋಸಿನಂತೆ ಇಲ್ಲಿ 32 ಸಸಿ ಹಿಡಿಯುತ್ತವೆ. ಹೊಲದಲ್ಲಿ ಬಹುಕಾಲದಿಂದ ನಡೆದು ಬಂದಿರುವ 45 ಸೆಂ.ಮೀ. ಅಂದರೆ ಒಂದೂವರೆ ಅಡಿಯ ಲೆಕ್ಕ ಹಿಡಿದರೆ ಮೂರು ಸಾಲು, ಸಾಲಿಗೆ ಐದು, ಒಟ್ಟು 15. ಅರ್ಧಕ್ಕಿಂತ ಕಡಿಮೆ! ಒಂದು ಸಾಲಿನ ಸಸಿ ಪಕ್ಕದ ಸಾಲಿನ ಎರಡು ಸಸಿಗಳ ನಡುವಿಗೆ ಎದುರಾಗುವಂತೆ ತ್ರಿಕೋನ ನಾಟಿ ಮಾಡಿದರೆ ಶೇ 15ರಷ್ಟು ಹೆಚ್ಚು ಸಸಿ ಕೂರುತ್ತವೆ ಎಂಬ ಮಾತಿದೆ. ವಿಶಾಲವಾದ ಹೊಲದಲ್ಲಿ ಅದು ನಿಜ. ನಾಲ್ಕಡಿ ಮಡಿಯಲ್ಲಿ ಹಗ್ಗ ಹಿಡಿದು ಅಳೆದರೆ ಸಿಗುವುದು ಮತ್ತೆ 15 ಸಸಿಯೇ. ಆದರೂ ತ್ರಿಕೋನವೇ ಮೇಲು. ಸಾಲುಗಳ ನಡುವಿನ ದೂರ 18 ಅಂಗುಲದಿಂದ ಸುಮಾರು 15.5 ಅಂಗುಲಕ್ಕೆ ಇಳಿಯುವುದರಿಂದ ಹೊರಸಾಲು ಅಂಚಿನಿಂದ 6 ಅಂಗುಲದ ಬದಲು 8 ಅಂಗುಲ ಒಳಗೆ ಸರಿಯುತ್ತದೆ. ಏರುಮಡಿಯಲ್ಲಿ ಮೊದಲು ಒಣಗುವುದು ಅಂಚು. ಆ ಎರಡು ಅಂಗುಲ ಅಂಚಿನ ಸಸಿಗೆ ತಂಪು ಮಣ್ಣು ಕೊಡುತ್ತದೆ. ನವಿಲುಕೋಸಿಗೆ ಇಷ್ಟು ಜಾಗ ಬೇಕಿಲ್ಲ, ಮುಕ್ಕಾಲು ಅಡಿ ಸಾಕು. ಬ್ರೊಕೊಲಿಗೆ ಒಂದೂವರೆ ಅಡಿ ಬಿಟ್ಟರೆ ನಡುವಿನ ಹೂ ಕೊಯ್ದ ಮೇಲೂ ಪಕ್ಕದ ಕುಡಿಗಳು ವಾರಗಟ್ಟಲೆ ಸಿಗುತ್ತವೆ.

ಇಬ್ಬನಿಯ ಕಾಲದಲ್ಲಿ ಅಂತರಕ್ಕೆ ಇನ್ನೊಂದು ಕಾರಣವಿದೆ, ನನ್ನ ಲೆಕ್ಕದಲ್ಲಿ ಇದು ಇಳುವರಿಗಿಂತ ದೊಡ್ಡದು. ಚಳಿಯ ಬೆಳಗಿನಲ್ಲಿ ಕೋಸಿನ ಎಲೆಯಂಚಿನುದ್ದಕ್ಕೂ ಮುತ್ತಿನಂತೆ ನೀರ ಹನಿ ಕೂತಿರುತ್ತವೆ. ಅವೆಲ್ಲ ಇಬ್ಬನಿಯೆಂದುಕೊಳ್ಳುತ್ತೇವೆ, ಹಲವು ಹನಿಗಳು ಗಿಡವೇ ಅಂಚಿನ ಸಣ್ಣ ರಂಧ್ರಗಳಿಂದ ಹೊರಹಾಕಿದ ನೀರು. ಕಪ್ಪು ಕೊಳೆ ರೋಗದ ಬ್ಯಾಕ್ಟೀರಿಯಾ ಒಳನುಗ್ಗುವುದು ಅದೇ ರಂಧ್ರಗಳಿಂದ. ರೋಗದ ಮೊದಲ ಗುರುತು ಎಲೆಯಂಚಿನಿಂದ ಒಳಮುಖವಾಗಿ ಚಾಚುವ ತ್ರಿಕೋನಾಕಾರದ ಹಳದಿ ಮಚ್ಚೆ ಆಗಿರುವುದಕ್ಕೂ ಇದೇ ಕಾರಣ. ಎಲೆಯಂಚುಗಳು ಒಂದಕ್ಕೊಂದು ತಾಗಿದ್ದರೆ ಒಂದು ಗಿಡದ ಹನಿ ಇನ್ನೊಂದರ ಬಾಗಿಲಿಗೇ ಸೇರುತ್ತದೆ. ಡೈಮಂಡ್ ಬ್ಯಾಕ್ ಪತಂಗದ ಹಸಿರು ಹುಳು ಮೇಯುವುದೂ ಎಲೆಯ ಕೆಳಮೈಯಲ್ಲಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸಾಬೂನಿನ ದ್ರಾವಣ ಅಲ್ಲಿಗೆ ತಲುಪಬೇಕಾದರೆ ಗಿಡಗಳ ನಡುವೆ ಕೈ ಆಡಬೇಕು. ಅದೇ ಸಂಸ್ಥೆ 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ ಬಿತ್ತಿ ಪತಂಗವನ್ನು ಅತ್ತ ಸೆಳೆಯುವ ವಿಧಾನವನ್ನೂ ಹೇಳಿಕೊಟ್ಟಿದೆ. ಮೊದಲ ಸಾಲು ಸಾಸಿವೆಯನ್ನು ಕೋಸಿನ ನಾಟಿಗೆ 15 ದಿನ ಮುಂಚೆಯೇ ಬಿತ್ತಿರಬೇಕೆಂಬುದು ಮರೆಯಬಾರದ ಮಾತು.

ಜಾಗವೇ ಇಲ್ಲದ ಊರಿನಲ್ಲಿ ಇಷ್ಟು ನೆಲ ಖಾಲಿ ಬಿಡುವುದು ದುಂದಲ್ಲವೇ ಎಂದು ಕೇಳುವವರಿದ್ದಾರೆ. ಖಾಲಿ ಇರುವುದು ಮೊದಲ ಐದಾರು ವಾರ ಮಾತ್ರ. ಆ ಅವಧಿಗೆ ಮೆಂತ್ಯ, ಕೊತ್ತಂಬರಿ ಚೆಲ್ಲಿದರೆ ಕೋಸಿನ ಎಲೆ ಕೂಡಿಕೊಳ್ಳುವಷ್ಟರಲ್ಲಿ ಸೊಪ್ಪು ಸಾರಿಗೆ ಬಿದ್ದಿರುತ್ತದೆ. ಮೂಲಂಗಿ ಮಾತ್ರ ಬೇಡ. ಅದೂ ಸಾಸಿವೆಯ ಕುಟುಂಬವೇ, ಕೀಟರೋಗಗಳೂ ಒಂದೇ. ಏರುಮಡಿಯ ಮಣ್ಣು ಫಲವತ್ತು, ಒತ್ತಾಗಿ ನೆಟ್ಟರೂ ತಡೆದುಕೊಳ್ಳುತ್ತದೆ ಎಂಬ ವಾದ ಅರ್ಧ ಸರಿ. ಗೊಬ್ಬರ ಬೇರಿಗೆ ಸಲ್ಲುತ್ತದೆ, ಪಕ್ಕದ ಗಿಡದ ನೆರಳನ್ನು ಯಾವ ಗೊಬ್ಬರವೂ ಸರಿಸಲಾರದು. ಮೇಲಾಗಿ ಹಗುರ ಮಣ್ಣಿನಲ್ಲಿ ಕೋಸು ವಾಲುತ್ತದೆ; ನೆಟ್ಟಾಗ ಬುಡವನ್ನು ಗಟ್ಟಿಯಾಗಿ ಒತ್ತಿ, ತಿಂಗಳಿಗೆ ಮಣ್ಣು ಏರಿಸಬೇಕು. ಇಬ್ಬರೇ ಇರುವ ಮನೆಗೆ ಅಷ್ಟು ದೊಡ್ಡ ಕೋಸು ಯಾಕೆ ಎಂಬ ಪ್ರಶ್ನೆಗೆ ಮಾತ್ರ ನನ್ನ ಪೂರ್ಣ ಒಪ್ಪಿಗೆಯಿದೆ. ಇಂಗ್ಲೆಂಡಿನ ವೆಲ್ಸ್‌ಬರ್ನ್‌ನಲ್ಲಿದ್ದ ತರಕಾರಿ ಸಂಶೋಧನಾ ಕೇಂದ್ರ, ತಕ್ಕ ತಳಿಯನ್ನು ಆರಂಗುಲಕ್ಕೊಂದು ನೆಟ್ಟು ಒಬ್ಬರ ಊಟಕ್ಕಾಗುವ ಪುಟ್ಟ ಹೂಕೋಸು ಬೆಳೆದು ತೋರಿಸಿತ್ತು. ಅದು ತಳಿಯನ್ನೂ ಅಂತರವನ್ನೂ ಮೊದಲೇ ಆಯ್ದು ಮಾಡಿದ ಕೆಲಸ, ಸಸಿ ಮಿಕ್ಕಿತೆಂದು ತುರುಕಿದ್ದಲ್ಲ. ಹಾಗೆ ಬೇಕೆನಿಸಿದರೆ ಗೋಲ್ಡನ್ ಏಕರ್‌ನಂಥ ಚಿಕ್ಕ ಗಡ್ಡೆಯ ಎಲೆಕೋಸನ್ನು ಒಂದಡಿಗೊಂದು ನೆಟ್ಟು ನೋಡಬಹುದು.

ಸಸಿ ಎತ್ತಲು 25 ದಿನ ಹದವಾದ ವಯಸ್ಸು. ತಿಂಗಳು ಮೀರಿ ಟ್ರೇಯಲ್ಲೇ ಉಳಿದ ಹೂಕೋಸಿನ ಸಸಿಗೆ ಎಷ್ಟು ಜಾಗ ಕೊಟ್ಟರೂ ಅದು ಬಿಡುವುದು ಗುಂಡಿ ಹೂವನ್ನೇ. ಹಾಗಾಗಿ ಈ ಭಾನುವಾರವೇ ಹಗ್ಗ ಹಿಡಿದು ಹದಿನೈದು ಗುರುತು ಹಾಕಿ, ಸಂಜೆ ಬಿಸಿಲು ಇಳಿದ ಮೇಲೆ ಹದಿನೈದು ಸಸಿ ನೆಡಿ. ಎರಡನ್ನು ಸತ್ತ ಜಾಗಕ್ಕೆಂದು ಕುಂಡದಲ್ಲಿಟ್ಟುಕೊಳ್ಳಿ. ಉಳಿದ ಎಂಟನ್ನು ಅಂದೇ ಪಕ್ಕದ ಮನೆಯವರಿಗೆ ಕೊಟ್ಟುಬಿಡಿ.